ಉಮರಾಣಿಯ ಮಗಳು, ಗುಡ್ಡಾಪುರದ ತಾಯಿ

ಜತ್ತ ತಾಲೂಕಿನ ಕನ್ನಡ ಮನೆಗಳಲ್ಲಿ ಎರಡು ವರ್ಷದ ಮಗಳನ್ನೂ ಅಪ್ಪ ಕರೆಯುವುದು ‘ಯವ್ವಾ’ ಎಂದೇ. ಬಾರವ್ವ, ಉಣ್ಣವ್ವ, ಅಳಬ್ಯಾಡ ನಮ್ಮವ್ವ. ಹೆತ್ತ ತಾಯಿಗೂ ಅದೇ ಮಾತು, ಗುಡಿಯೊಳಗಿನ ದೇವಿಗೂ ಅದೇ ಮಾತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವಕ್ಕಿರುವ, ವಿಜಯಪುರ ಮತ್ತು ಅಥಣಿ ಸೀಮೆಗೆ ತಾಗಿದ ಈ ಬರದ ನಾಡಿನಲ್ಲಿ ಅತಿ ಹೆಚ್ಚು ಜನರನ್ನು ಸೆಳೆಯುವ ಕ್ಷೇತ್ರಗಳಲ್ಲೊಂದು ಒಬ್ಬ ಹೆಣ್ಣುಮಗಳದ್ದು. ಆಕೆ ಈ ತಾಲೂಕಿನಲ್ಲೇ ಹುಟ್ಟಿ ಬೆಳೆದವಳು.

ದಾನಮ್ಮ ಯಾರು?

ಗುಡ್ಡಾಪುರದ ದಾನಮ್ಮ 12ನೆಯ ಶತಮಾನದ ಶರಣೆ, ಬಸವಣ್ಣನವರ ಕಾಲದವಳು. ಪರಂಪರೆ ಹೇಳುವಂತೆ ಹುಟ್ಟಿದ್ದು ಜತ್ತ ತಾಲೂಕಿನ ಉಮರಾಣಿಯಲ್ಲಿ. ತಂದೆ ಅನಂತರಾಯ, ತಾಯಿ ಶಿರಸಮ್ಮ. ಮನೆಯವರು ಇಟ್ಟ ಹೆಸರು ಲಿಂಗಮ್ಮ. ಕಲ್ಯಾಣಕ್ಕೆ ಹೋದ ಈ ಹುಡುಗಿಯ ಕೊಡುಗೈ ಕಂಡು ಬಸವಣ್ಣನವರೇ ದಾನಮ್ಮ ಎಂದು ಕರೆದರಂತೆ. ಸೋಮನಾಥನನ್ನು ಮದುವೆಯಾದಳು, ಗಂಡ ಹೆಂಡತಿ ಊರೂರು ಸುತ್ತಿ ದಾಸೋಹ ನಡೆಸಿದರು, ಕೊನೆಗೆ ಗುಡ್ಡಾಪುರ ಆಕೆಯ ಊರಾಯಿತು.

ಶರಣರು ಹೆಣ್ಣಿನ ಕೊರಳಿಗೂ ಇಷ್ಟಲಿಂಗ ಕಟ್ಟಿದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ತಳ್ಳಿಹಾಕಿದರು. ಮುಟ್ಟಾದ ದಿನವೂ ಲಿಂಗಪೂಜೆ ನಿಲ್ಲಬೇಕಿಲ್ಲ ಎಂದು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ ಸಮಾಜ ಅದು. ಅಕ್ಕಮಹಾದೇವಿ, ನೀಲಾಂಬಿಕೆ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಹೀಗೆ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ಎದ್ದುಬಂದದ್ದು ಆ ನೆಲದಿಂದಲೇ. ದಾನಮ್ಮನನ್ನು ಜನ ನೆನೆಯುವುದು ಅನ್ನದಿಂದ. ಲಿಂಗಾಯತರಿಗೆ ಆಕೆ ಶರಣೆ, ಬಹಳ ಜನರಿಗೆ ಪಾರ್ವತಿಯ ಅಂಶ, ಸುತ್ತಲಿನ ಹಳ್ಳಿಗಳಿಗೆ ಬರೀ ‘ದಾನವ್ವ’.

ಕಾರ್ತಿಕ ಮಾಸದ ಕೊನೆಯ ಛಟ್ಟಿ ಅಮಾವಾಸ್ಯೆಗೆ ಜಾತ್ರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರ ಕಡೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ದಾರಿಯುದ್ದಕ್ಕೂ ಯಾರಾದರೂ ಕರೆದು ನೀರು, ಊಟ ಕೊಡುತ್ತಾರೆ. ರಾಜ್ಯದ ಗಡಿ ಎಲ್ಲಿ ದಾಟಿದೆವೆಂಬುದು ಆ ನಡಿಗೆಯಲ್ಲಿ ಯಾರ ಲಕ್ಷ್ಯಕ್ಕೂ ಬರುವುದಿಲ್ಲ.

ಉಡಿ ತುಂಬುವುದು

ದೇವಿಗೂ ಮಗಳಿಗೂ ಇಲ್ಲಿ ಸಲ್ಲುವ ಮರ್ಯಾದೆ ಒಂದೇ ಬಗೆಯದು. ತವರಿನಿಂದ ಹೊರಟ ಮಗಳನ್ನು ಜಗುಲಿಯ ಮುಂದೆ ಮಣೆ ಹಾಕಿ ಕೂರಿಸುತ್ತಾರೆ. ಹಣೆಗೆ ಕುಂಕುಮ, ಕೆನ್ನೆಗೆ ಅರಿಷಿಣ. ಆಕೆ ಸೆರಗು ಒಡ್ಡುತ್ತಾಳೆ. ತಾಯಿ ಬೊಗಸೆಯಲ್ಲಿ ಅಕ್ಕಿ ಸುರಿಯುತ್ತಾಳೆ, ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ, ಎಲೆ, ಒಂದು ಕುಬಸದ ಖಣ. ಅದರಲ್ಲಿ ನಾಲ್ಕು ಕಾಳನ್ನು ತಾಯಿ ಮರಳಿ ಮನೆಯಲ್ಲೇ ಉಳಿಸಿಕೊಳ್ಳುವುದೂ ಉಂಟು, ಮಗಳ ಭಾಗ್ಯ ತವರಿಗೂ ಇರಲೆಂದು. ಮಗಳು ಸೆರಗು ಗಂಟು ಹಾಕಿ ಏಳುವಾಗ ಇಬ್ಬರೂ ಮುಖ ನೋಡಿಕೊಳ್ಳುವುದಿಲ್ಲ. ನೋಡಿದರೆ ಅಳು ತಡೆಯುವುದು ಕಷ್ಟ.

ಗುಡಿಗೆ ಹೋದ ಹೆಂಗಸರು ದೇವಿಗೆ ತುಂಬುವ ಉಡಿಯಲ್ಲೂ ಇವೇ ಸಾಮಾನು. ದೇವಿ ಅವರ ಪಾಲಿಗೆ ತವರಿಗೆ ಬಂದು ಹೋಗುವ ಮಗಳು. ನಾಗರ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆತರುವುದೂ, ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಗೌರಮ್ಮನ ಬಳಿ ಹೋಗುವುದೂ ಇದೇ ಭಾವದಿಂದ ಬಂದವು.

ಶಾಸ್ತ್ರದಲ್ಲಿ ಮಗಳು

ಋಗ್ವೇದದ 10ನೆಯ ಮಂಡಲದ 125ನೆಯ ಸೂಕ್ತವನ್ನು ದೇವೀಸೂಕ್ತ ಎನ್ನುತ್ತಾರೆ. ಅದರ ಋಷಿ ಒಬ್ಬ ಮಗಳು: ಅಂಭೃಣನ ಮಗಳು ವಾಕ್. ಜಗತ್ತನ್ನೆಲ್ಲ ಹೊತ್ತ ಶಕ್ತಿ ನಾನೇ ಎಂದು ಆಕೆ ಉತ್ತಮ ಪುರುಷದಲ್ಲಿ ಮಾತಾಡುತ್ತಾಳೆ. ಮಾರ್ಕಂಡೇಯ ಪುರಾಣದ ಭಾಗವಾದ ದೇವೀ ಮಾಹಾತ್ಮ್ಯದ 11ನೆಯ ಅಧ್ಯಾಯ ಲೋಕದ ಹೆಣ್ಣುಗಳೆಲ್ಲ ದೇವಿಯ ರೂಪಗಳೇ ಎನ್ನುತ್ತದೆ. ದೇವೀ ಭಾಗವತವು ನವರಾತ್ರಿಯ ಕುಮಾರೀ ಪೂಜೆಗೆ 2ರಿಂದ 10 ವರ್ಷದ ಹುಡುಗಿಯರಿಗೆ ಕುಮಾರಿ, ತ್ರಿಮೂರ್ತಿ, ಕಲ್ಯಾಣಿ, ರೋಹಿಣಿ, ಕಾಲಿಕಾ, ಚಂಡಿಕಾ, ಶಾಂಭವಿ, ದುರ್ಗಾ, ಸುಭದ್ರಾ ಎಂದು ವಯಸ್ಸಿಗೊಂದು ಹೆಸರು ಕೊಟ್ಟಿದೆ.

ಯಲ್ಲಮ್ಮನ ಹೆಸರಿನಲ್ಲಿ ನಡೆದದ್ದು

ಜತ್ತ ಪಟ್ಟಣದ ದೊಡ್ಡ ಜಾತ್ರೆ ಯಲ್ಲಮ್ಮನದು. ಸವದತ್ತಿಯ ಗುಡ್ಡದಿಂದ ಹಿಡಿದು ಈ ಸೀಮೆಯವರೆಗೆ ಯಲ್ಲಮ್ಮ ಬಡವರ ತಾಯಿ. ಆಕೆಯ ಭಕ್ತಿಯಲ್ಲಿ ಕಪಟವಿಲ್ಲ. ಆದರೆ ಆ ಭಕ್ತಿಯನ್ನೇ ನೆಪ ಮಾಡಿಕೊಂಡು ದಲಿತ ಮತ್ತು ಹಿಂದುಳಿದ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಮಾಡಿದ್ದನ್ನು ಮರೆಮಾಚಿ ದೇವಿಯ ಗೌರವದ ಬಗ್ಗೆ ಬರೆಯುವುದು ಸುಳ್ಳಾಗುತ್ತದೆ. ಕೊರಳಲ್ಲಿ ಕೆಂಪು ಬಿಳಿ ಮಣಿಯ ಸರ ಬಿದ್ದ ಹುಡುಗಿಗೆ ದೇವರ ಹೆಸರಿತ್ತು, ಸ್ವಂತ ಬದುಕು ಇರಲಿಲ್ಲ.

ಮುಂಬೈ ಪ್ರಾಂತ್ಯದಲ್ಲಿ ದೇವದಾಸಿಯರ ರಕ್ಷಣೆಯ ಕಾಯ್ದೆ ಬಂದದ್ದು 1934ರಲ್ಲಿ. ಆಗ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿ ಆ ಪ್ರಾಂತ್ಯದ ಹೊರಗಿತ್ತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1948ರಲ್ಲಿ. ಕರ್ನಾಟಕ 1982ರ ಕಾಯ್ದೆಯಿಂದ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಮಹಾರಾಷ್ಟ್ರ 2005ರಲ್ಲಿ ದೇವದಾಸಿ ಪದ್ಧತಿ ನಿರ್ಮೂಲನದ ಕಾಯ್ದೆ ಮಾಡಿತು. ಕೊರಳ ಮುತ್ತು ಬಿಚ್ಚಿ ಮಗಳನ್ನು ಶಾಲೆಗೆ ಕಳಿಸಿದ ತಾಯಂದಿರು ದೇವಿಗೆ ಸಲ್ಲಿಸಿದ ಪೂಜೆಯೇ ದೊಡ್ಡದೆಂದು ನಾನು ತಿಳಿಯುತ್ತೇನೆ.

ಹುಟ್ಟು ಮತ್ತು ಹೆಸರು

ಹೆಣ್ಣು ಕೂಸಿಗೆ ದಾನಮ್ಮ, ದಾನೇಶ್ವರಿ ಎಂದು ಹೆಸರಿಟ್ಟ ಮನೆಗಳು ಎಷ್ಟೋ. ಅದೇ ಸೀಮೆಯಲ್ಲಿ ಮೂರನೆಯದೋ ನಾಲ್ಕನೆಯದೋ ಹೆಣ್ಣಾದಾಗ ಇನ್ನು ಸಾಕೆಂದು ಸಾಕವ್ವ ಎಂದು ಕರೆದವರೂ ಇದ್ದಾರೆ. ಮರಾಠಿಯಲ್ಲಿ ಇದಕ್ಕೆ ‘ನಕೋಶಿ’, ಅಂದರೆ ಬೇಡವಾದವಳು. ಪಕ್ಕದ ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರಿನಲ್ಲಿ ಹೀಗೆ ಕರೆಸಿಕೊಂಡ 285 ಹುಡುಗಿಯರು ಒಂದೇ ದಿನ ಹೊಸ ಹೆಸರು ಪಡೆದರು.

ಸಾಂಗ್ಲಿ ಜಿಲ್ಲೆಯ ಲೆಕ್ಕ ಎದೆ ಕಲಕುವಂಥದ್ದು. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 851, 2011ರಲ್ಲಿ 867. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲೇ ಆಗಿದೆ. ಆದರೂ 2017ರ ಮಾರ್ಚಿನಲ್ಲಿ ಇದೇ ಜಿಲ್ಲೆಯ ಮ್ಹೈಸಾಳದ ಹತ್ತಿರ ಹೂತಿಟ್ಟ 19 ಭ್ರೂಣಗಳು ಸಿಕ್ಕವು.

ಸಾತ್‌ಬಾರಾದಲ್ಲಿ ಮಗಳು

2024ರ ಮೇ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರು ಬರೆಯುವುದನ್ನು ಮಹಾರಾಷ್ಟ್ರ ಕಡ್ಡಾಯ ಮಾಡಿದೆ: ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯದು, ಆಮೇಲೆ ತಂದೆಯದು. ಆಸ್ತಿಯ ಮಾತಿಗೆ ಬಂದರೆ, ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ಕ್ಕಿಂತ ಮೊದಲೇ ತಂದೆ ತೀರಿಕೊಂಡಿದ್ದರೂ ಅದು ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

ಹಳ್ಳಿಯಲ್ಲಿ ನಡೆಯುವುದು ಬೇರೆ. ತಂದೆ ತೀರಿದ ಮೇಲೆ ವಾರಸದಾರರಾಗಿ ಅಕ್ಕತಂಗಿಯರ ಹೆಸರು ಸಾತ್‌ಬಾರಾ ಉತಾರಕ್ಕೆ, ಅಂದರೆ ಹೊಲದ ಪಹಣಿಗೆ, ಏರುತ್ತದೆ. ಸ್ವಲ್ಪ ದಿನಕ್ಕೆ ಅವರನ್ನು ಕರೆಸಿ, ಊಟ ಹಾಕಿ, ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಟ್ಟುಕೊಟ್ಟೆವೆಂಬ ಹಕ್ಕಸೋಡ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ತವರು ತಪ್ಪಿಹೋದೀತೆಂಬ ಹೆದರಿಕೆಗೆ ಅಕ್ಕ ಒಂದು ಮಾತೂ ಆಡದೆ ಹೆಬ್ಬೆಟ್ಟು ಒತ್ತುತ್ತಾಳೆ. ದಾನಮ್ಮ ಕೈಯಾರೆ ಕೊಟ್ಟವಳು. ಹೆದರಿಸಿ ಬಿಡಿಸಿಕೊಂಡದ್ದು ದಾನವಲ್ಲ.

ಅಣ್ಣತಮ್ಮಂದಿರೇ, ಈ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ನಡೆದು ಹೋಗುವ ಮುಂಚೆ ಮನೆಯ ಉತಾರ ತೆಗೆಸಿ ನಿಮ್ಮ ಅಕ್ಕತಂಗಿಯರ ಎದುರು ಓದಿರಿ. ಅಕ್ಕತಂಗಿಯರೇ, ಅದನ್ನು ಪೂರ್ತಿ ಕೇಳಿಸಿಕೊಳ್ಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿರಿ.