ಹಗೇವೂ ಅಂಗಡಿಯೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳೆಯ ಗೃಹಸ್ಥರಿಗೆ ದಾಸ್ತಾನೆಂಬುದು ಹೊಸ ಮಾತಲ್ಲ. ರಾಗಿಯು ಹುಳು ಹಿಡಿಯದೆ ವರ್ಷಗಟ್ಟಲೆ ನಿಲ್ಲುವ ಧಾನ್ಯ. ಅದನ್ನು ನೆಲದೊಳಗಿನ ಹಗೇವಿಗೆ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮಳೆ ತಪ್ಪಿದ ವರ್ಷಕ್ಕೆ ಒದಗುತ್ತಿತ್ತು. ಕಳ್ಳಕಾಕರ ಕಣ್ಣಿಗೆ ಬೀಳದ ಈ ಕಣಜವು ನೆರೆಹೊರೆಯವರಿಗೆ ಮಾತ್ರ ಗುಟ್ಟಾಗಿರಲಿಲ್ಲ. ಹಗೇವನ್ನು ತೆರೆದಾಗ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾದು, ನಾಲ್ಕು ಜನರ ಸಹಾಯದಿಂದಲೇ ಇಳಿಯಬೇಕಾಗಿತ್ತು. ಹೀಗೆ ಸುಭಿಕ್ಷದಲ್ಲಿ ಕೂಡಿಡುವುದು ಒಂದು. ಭಯ ಬಂದಾಗ ಬಚ್ಚಿಡುವುದು ಇನ್ನೊಂದು. ಈ ಎರಡರ ನಡುವಣ ಭೇದವನ್ನು ನಮ್ಮ ಸೀಮೆಯ ಚರಿತ್ರೆಯಿಂದಲೇ ವಿಚಾರಿಸೋಣ.

1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯಲ್ಲಿ ಬೆಂಗಳೂರಿಗೆ ಬಂದಿತು. ಅಲ್ಲಿಂದ ಸಂಸ್ಥಾನದ ಇತರ ಕಡೆಗಳಿಗೂ ಹರಡಿತು. ಬೆಂಗಳೂರು–ಮೈಸೂರು ರೈಲುದಾರಿ ಮದ್ದೂರು, ಮಂಡ್ಯಗಳನ್ನು ಹಾಯ್ದು ಹೋಗುತ್ತದೆ. ಮಳವಳ್ಳಿ ಅದರಿಂದ ದೂರ. ಧಾನ್ಯ ಬರುವ ದಾರಿಯೂ ಜಾಡ್ಯ ಬರುವ ದಾರಿಯೂ ಒಂದೇ ಆದುದು ಆ ಕಾಲದ ವಿಪರ್ಯಾಸ. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಹೊಲದ ಗುಡಿಸಲುಗಳಿಗೆ ಹೋಗುತ್ತಿದ್ದರು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ರೋಗ ಹರಡುವ ಚಿಗಟ. ಮನೆಯೊಳಗೆ ಮೂಟೆ ಪೇರಿಸಿದವನು ತಾನರಿಯದೆ ಮೃತ್ಯುವಿಗೇ ಎಡೆ ಮಾಡಿಕೊಟ್ಟಂತಾಗುತ್ತಿತ್ತು.

1918ರಲ್ಲಿ ಮತ್ತೊಂದು ಪರೀಕ್ಷೆ ಒದಗಿತು. ಮಹಾಯುದ್ಧದ ದೆಸೆಯಿಂದ ಹಡಗು, ರೈಲ್ವೆ ವ್ಯಾಗನ್ನುಗಳು ಸಾಲದಾಗಿ ಅಕ್ಕಿ, ಬಟ್ಟೆ, ಸೀಮೆಎಣ್ಣೆಗಳ ಧಾರಣೆ ಏರಿದ್ದಿತು. ಮುಂಗಾರೂ ಕೈಕೊಟ್ಟಿತು. ಮದ್ರಾಸ್ ಪಟ್ಟಣದಲ್ಲಿ ಸೆಪ್ಟೆಂಬರಿನಲ್ಲಿ ಅಂಗಡಿಗಳ ಲೂಟಿಯೇ ನಡೆಯಿತು. ಆ ಸಮಯಕ್ಕೇ ಇನ್‌ಫ್ಲುಯೆನ್ಜಾ ಜ್ವರ ಬಂದು ಮೈಸೂರು ಸಂಸ್ಥಾನದಲ್ಲಿ ಲಕ್ಷಕ್ಕೂ ಮಿಕ್ಕಿ ಜನರನ್ನು ಕೊಂದಿತು. ರಾಗಿಯ ಕೊಯಿಲು ಸಮೀಪಿಸಿದ್ದಾಗ ಕೊಯ್ಯುವ ಕೈಗಳೇ ಹಾಸಿಗೆ ಹಿಡಿದವು. ಹಗೇವು ತುಂಬಿದ್ದ ಒಕ್ಕಲಿಗೆ ಅಂಬಲಿಗೆ ಕೊರತೆಯಿಲ್ಲ. ದಿನಗೂಲಿಯಾಗಿ ರಾಗಿಯನ್ನೇ ಪಡೆಯುತ್ತಿದ್ದ ಆಳಿಗಾದರೋ, ಜ್ವರ ಬಂದ ದಿನವೇ ಕೂಲಿಯೂ ನಿಂತಿತು, ಹಿಟ್ಟೂ ನಿಂತಿತು. ಹಳೆಯ ಏರ್ಪಾಡನ್ನು ನಾವು ಹೊಗಳುವಾಗ ಈ ಮಾತನ್ನು ಮರೆಯಲಾಗದು: ಹಗೇವು ಎಲ್ಲರಿಗೂ ಇರಲಿಲ್ಲ.

ಆಮೇಲೆ ಸೀಮೆಯ ಸ್ವರೂಪವೇ ಬದಲಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆಯ ಸುರಂಗವನ್ನು ದಾಟಿ ನಾಲೆಯಾಗಿ ಈ ತಾಲ್ಲೂಕುಗಳಿಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಜಿಲ್ಲೆಯಾಯಿತು. ರಾಗಿಯ ಹೊಲಗಳು ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದವು. ಕಬ್ಬು ಹಣವನ್ನು ತರುವುದು. ಆದರೆ ಅದನ್ನು ಹಗೇವಿನಲ್ಲಿ ತುಂಬಲಾಗುವುದಿಲ್ಲ. ರೈತನ ಕಣಜ ಕ್ರಮೇಣ ಅಂಗಡಿಯವನ ಮಳಿಗೆಗೆ ಸೇರಿತು.

ಇದರ ಪರಿಣಾಮವನ್ನು ನಾವು 2020ರಲ್ಲಿ ಕಂಡೆವು. ಕೊರೋನಾ ರೋಗದಿಂದ ಭಾರತದಲ್ಲಿ ಮೊದಲ ಮರಣವು ಆ ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲಾಯಿತು. ಮುಖಗವುಸು, ಕೈತೊಳೆಯುವ ದ್ರವಗಳನ್ನು ಕೇಂದ್ರ ಸರ್ಕಾರವು ಮಾರ್ಚ್ 13ರಂದು ಅವಶ್ಯಕ ವಸ್ತುಗಳೆಂದು ಸಾರಿ, ಬಳಿಕ 200 ಮಿಲಿಲೀಟರಿನ ದ್ರವಕ್ಕೆ 100 ರೂಪಾಯಿಯ ಮಿತಿಯನ್ನು ಗೊತ್ತುಮಾಡಬೇಕಾಯಿತು. 24ರ ರಾತ್ರಿ ದೇಶವೆಲ್ಲ ಮುಚ್ಚುವುದೆಂದು ಪ್ರಕಟವಾದೊಡನೆ ಜನರು ದಿನಸಿ ಅಂಗಡಿಗಳಿಗೆ ನುಗ್ಗಿದರು. ದೂರವಿರಬೇಕೆಂಬ ರೋಗದ ಭಯವೇ ಅವರನ್ನು ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡಿತು. ಕೈಯಲ್ಲಿ ಹಣವಿದ್ದವರು ತಿಂಗಳುಗಳಿಗಾಗುವಷ್ಟು ಒಯ್ಯಬಹುದಾಗಿತ್ತು. ದಿನದ ಸಂಪಾದನೆಯಿಂದ ದಿನದ ಅಕ್ಕಿ ಕೊಳ್ಳುವವನ ಪಾಲಿಗೆ ಉಳಿದುದು ಏರಿದ ಬೆಲೆ. 1918ರ ಆಳಿನ ಪಾಡೇ ಬೇರೆ ವೇಷದಲ್ಲಿ ಮರಳಿತು.

ಅದೇ ದಿನಗಳ ಇನ್ನೊಂದು ಚಿತ್ರವೂ ಗಮನಾರ್ಹ. ಹೋಟೆಲುಗಳು ಮುಚ್ಚಿದುದರಿಂದ ಹಾಲಿಗೆ ಗಿರಾಕಿಯಿಲ್ಲದೆ, ಏಪ್ರಿಲಿನಲ್ಲಿ ರಾಜ್ಯ ಸರ್ಕಾರವು ಅದನ್ನು ಬಡವರಿಗೆ ಉಚಿತವಾಗಿ ಹಂಚಿಸಿತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಹಾಲಿನ ಒಕ್ಕೂಟವಿರುವ ಈ ಸೀಮೆಗೆ ಹಾಲೇನು ಅಪರೂಪವೆ? ಆದರೆ ಹಾಲು ಬಚ್ಚಿಡಲು ಬರುವ ವಸ್ತುವಲ್ಲ. ಭಯವು ಬೇಕಾದುದನ್ನು ಕೊಳ್ಳುವುದಿಲ್ಲ, ಬಚ್ಚಿಡಬಹುದಾದುದನ್ನು ಕೊಳ್ಳುತ್ತದೆ. ಆದುದರಿಂದಲೇ ಒಂದು ಕಡೆ ಕೊರತೆ, ಇನ್ನೊಂದು ಕಡೆ ಹೇರಳ.

ಭಯವನ್ನು ತಗ್ಗಿಸುವ ಉಪಾಯವೇನು? ಬರಿಯ ಬೋಧನೆಯಿಂದ ಅದು ತಗ್ಗದು. ನಾಳೆಯೂ ದೊರೆಯುವುದೆಂಬ ನಂಬಿಕೆ ಹುಟ್ಟಿದರೆ ಇಂದು ಇಮ್ಮಡಿ ಕೊಳ್ಳುವವರು ಕಡಿಮೆಯಾಗುತ್ತಾರೆ. ಆಗ ನ್ಯಾಯಬೆಲೆ ಅಂಗಡಿಗಳ ಮೂಲಕ ಎರಡು ತಿಂಗಳ ಪಡಿಯನ್ನು ಮುಂಗಡವಾಗಿ ಕೊಡಿಸಿದುದರ ಮರ್ಮ ಇದೇ. ಹಗೇವಿಲ್ಲದವನಿಗೆ ಅದೇ ಹಗೇವು. ಪೂರ್ವಿಕರು ರಾಗಿಯನ್ನು ಸುಗ್ಗಿಯಲ್ಲಿ ತುಂಬುತ್ತಿದ್ದರು, ಸೂತಕದಲ್ಲಲ್ಲ. ಸಂತೆಯಲ್ಲಿ ಮಾಲು ಹೇರಳವಾಗಿರುವಾಗ ಒಂದೆರಡು ಸೇರು ಹೆಚ್ಚಾಗಿ ಕೊಂಡಿಡುವುದು ಗೃಹಸ್ಥಧರ್ಮ. ರೋಗದ ಸುದ್ದಿ ಬಂದ ಸಂಜೆ ಅಷ್ಟನ್ನೇ ಕೊಂಡರೆ ಅದು ನೆರೆಮನೆಯ ಮಡಕೆಯಿಂದ ತೆಗೆದದ್ದು.