ಜಾನುವಾರುಗಳ ಜಂತುಹುಳು ಪತ್ತೆಯಲ್ಲಿ ಡಿಎನ್‌ಎ ಪರೀಕ್ಷೆ

ದನ, ಎಮ್ಮೆಗಳ ಸಗಣಿಯಲ್ಲಿ ಹೊರಬೀಳುವ ಮೊಟ್ಟೆ ಅಥವಾ ಲಾರ್ವಾಗಳಿಂದ ಡಿಎನ್‌ಎಯನ್ನು ಬೇರ್ಪಡಿಸಿ, ಅದು ಯಾವ ಪ್ರಭೇದದ ಹುಳುವಿಗೆ ಸೇರಿದ್ದೆಂದು ಗುರುತಿಸುವ ಪ್ರಯೋಗಾಲಯ ವಿಧಾನವನ್ನು ಜಂತುಹುಳುಗಳ ಡಿಎನ್‌ಎ ಪರೀಕ್ಷೆ ಎನ್ನುತ್ತಾರೆ. ಕರುಳಿನ ಹುಳುಗಳೆಂದು ರೂಢಿಯಲ್ಲಿ ಕರೆದರೂ ಇವುಗಳಲ್ಲಿ ಕೆಲವು ಬೇರೆ ಅಂಗಗಳಲ್ಲಿ ನೆಲೆಸುತ್ತವೆ. ರಕ್ತ ಹೀರುವ ಹಿಮಾಂಕಸ್ ಜಾನುವಾರಿನ ನಾಲ್ಕನೆಯ ಹೊಟ್ಟೆಯಲ್ಲಿಯೂ, ಫ್ಯಾಸಿಯೋಲಾ ಯಕೃತ್ತಿನ ಪಿತ್ತನಾಳಗಳಲ್ಲಿಯೂ ಬದುಕುತ್ತದೆ.

ಕರಾವಳಿಯ ಹಿನ್ನೆಲೆ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರೀ ಮಳೆ ಸುರಿಯುತ್ತದೆ. ತೇವವೂ ಬೆಚ್ಚನೆಯ ಹವೆಯೂ ಕೂಡಿದಾಗ ಸಗಣಿಯಲ್ಲಿನ ಮೊಟ್ಟೆಗಳೊಡೆದು, ಲಾರ್ವಾಗಳು ಹುಲ್ಲಿನ ಎಸಳುಗಳನ್ನೇರುತ್ತವೆ. ನೀರು ನಿಲ್ಲುವ ಬೈಲುಗದ್ದೆಗಳು ಬಸವನಹುಳುಗಳಿಗೆ ಆಶ್ರಯ. ಲಿಮ್ನಿಯಾ ಗುಂಪಿನ ಬಸವನಹುಳುಗಳು ಫ್ಯಾಸಿಯೋಲಾಕ್ಕೂ, ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಎಂಬುದು ರೂಮೆನ್ನಿನ ಚಪ್ಪಟೆಹುಳುಗಳಿಗೂ ಮಧ್ಯಂತರ ಆತಿಥೇಯಗಳು. ಕುಂದಗನ್ನಡದಲ್ಲಿ 'ಗಂಟಿ' ಎನ್ನಲಾಗುವ ದನಕರುಗಳು ಕೊಯ್ಲಿನ ನಂತರ ಇದೇ ಗದ್ದೆಗಳಲ್ಲಿ ಮೇಯುತ್ತವೆ. ಮಲೆನಾಡು ಗಿಡ್ಡದಂತಹ ಚಿಕ್ಕ ಮೈಕಟ್ಟಿನ ತಳಿಯಲ್ಲಿಯೂ, ಹೆಚ್ಚು ಹಾಲು ಕೊಡುವ ಮಿಶ್ರತಳಿಯಲ್ಲಿಯೂ ಹುಳುಗಳ ಬಾಧೆಯಿಂದ ರಕ್ತಹೀನತೆ, ಭೇದಿ ಮತ್ತು ಹಾಲಿನ ಇಳುವರಿಯ ಕುಸಿತ ಕಾಣಿಸಿಕೊಳ್ಳುತ್ತವೆ.

ಸೂಕ್ಷ್ಮದರ್ಶಕಕ್ಕೆ ತಿಳಿಯದ್ದು

ಪಶು ಆಸ್ಪತ್ರೆಗಳಲ್ಲಿ ಸಗಣಿಯನ್ನು ಉಪ್ಪಿನ ದ್ರಾವಣದಲ್ಲಿ ತೇಲಿಸಿ ಅಥವಾ ನೀರಿನಲ್ಲಿ ತಳಕ್ಕಿಳಿಸಿ ಮೊಟ್ಟೆಗಳನ್ನು ನೋಡುವುದು ವಾಡಿಕೆ. ಹಿಮಾಂಕಸ್, ಟ್ರೈಕೋಸ್ಟ್ರಾಂಗೈಲಸ್, ಕೂಪೇರಿಯಾ, ಈಸೋಫಗೋಸ್ಟೋಮಮ್ ಇವುಗಳ ಮೊಟ್ಟೆಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಹೀಗಾಗಿ ವರದಿಯಲ್ಲಿ 'ಸ್ಟ್ರಾಂಗೈಲ್ ಮೊಟ್ಟೆಗಳು' ಎಂದಷ್ಟೇ ಬರೆಯಬೇಕಾಗುತ್ತದೆ. ಸಗಣಿಯನ್ನು ಕಾವಿನಲ್ಲಿಟ್ಟು ಲಾರ್ವಾಗಳನ್ನು ಬೆಳೆಸಿ ಗುರುತಿಸಬಹುದು. ಅದಕ್ಕೆ ವಾರಕ್ಕೂ ಹೆಚ್ಚು ಕಾಲವೂ ನುರಿತ ಕಣ್ಣೂ ಬೇಕು.

ವಿಧಾನ

ಮಾದರಿಯನ್ನು ನೆಲದಿಂದಲ್ಲದೆ ನೇರವಾಗಿ ಗುದದ್ವಾರದಿಂದ ಸಂಗ್ರಹಿಸಿ, ತಣ್ಣಗೆ ಅಥವಾ ಎಥನಾಲ್‌ನಲ್ಲಿ ಇಡಲಾಗುತ್ತದೆ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ ಅದು ಇಲ್ಲಿ ಸಲ್ಲದು. ಮೊಟ್ಟೆಯ ಗಟ್ಟಿ ಕವಚವನ್ನು ಸಣ್ಣ ಮಣಿಗಳೊಂದಿಗೆ ಕುಲುಕಿ ಒಡೆದು ಡಿಎನ್‌ಎಯನ್ನು ಹೊರತೆಗೆಯುತ್ತಾರೆ. ನಂತರ ಪಿಸಿಆರ್ ಮೂಲಕ ರೈಬೋಸೋಮಲ್ ಡಿಎನ್‌ಎಯ ಐಟಿಎಸ್-2 ಭಾಗವನ್ನು ಅನೇಕ ಪಟ್ಟು ಪ್ರತಿಗೊಳಿಸುತ್ತಾರೆ. ಈ ಭಾಗವು ಒಂದೇ ಪ್ರಭೇದದೊಳಗೆ ಹೆಚ್ಚು ಬದಲಾಗದೆ, ಪ್ರಭೇದಗಳ ನಡುವೆ ಭಿನ್ನವಾಗಿರುತ್ತದೆ. ಆಡುಕುರಿಗಳಲ್ಲಿ ಹೆಚ್ಚಾಗಿರುವ ಹಿಮಾಂಕಸ್ ಕಂಟಾರ್ಟಸ್ ಮತ್ತು ದನಗಳ ಹಿಮಾಂಕಸ್ ಪ್ಲೇಸಿಯ ಐಟಿಎಸ್-2 ತಲಾ 231 ಅಕ್ಷರಗಳಷ್ಟು ಉದ್ದವಿದ್ದು, ವ್ಯತ್ಯಾಸ ಮೂರು ಅಕ್ಷರಗಳಲ್ಲಿ ಮಾತ್ರ ಎಂದು 1995ರಲ್ಲಿ ಪ್ರಕಟವಾಯಿತು. ಒಂದೇ ಮಾದರಿಯಲ್ಲಿರುವ ಎಲ್ಲ ದುಂಡುಹುಳುಗಳ ಪಾಲನ್ನು ಒಟ್ಟಿಗೆ ತಿಳಿಸುವ ಅನುಕ್ರಮಣ ವಿಧಾನಕ್ಕೆ 'ನೆಮಬಯೋಮ್' ಎಂಬ ಹೆಸರಿದೆ.

ಔಷಧ ನಿರೋಧಕತೆ

ಈ ಪರೀಕ್ಷೆಯ ನಿಜವಾದ ಬೆಲೆ ಇಲ್ಲಿದೆ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್‌ಗಳು ಹುಳುವಿನ ಬೀಟಾ-ಟ್ಯೂಬುಲಿನ್ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತವೆ. ಆ ಪ್ರೋಟೀನಿನ 200ನೆಯ ಸ್ಥಾನದಲ್ಲಿ ಫಿನೈಲ್‌ಅಲನಿನ್ ಬದಲು ಟೈರೋಸಿನ್ ಬಂದರೆ ಔಷಧ ಅಂಟುವುದಿಲ್ಲ. ಇದಕ್ಕೆ ಕಾರಣ ಜೀನಿನ ಒಂದೇ ಅಕ್ಷರದ ಬದಲಾವಣೆ. 167 ಮತ್ತು 198ನೆಯ ಸ್ಥಾನಗಳ ಬದಲಾವಣೆಗಳೂ ಇದೇ ಪರಿಣಾಮ ಬೀರುತ್ತವೆ. ಔಷಧ ಕೊಟ್ಟ ಎರಡು ವಾರಗಳ ನಂತರ ಮೊಟ್ಟೆಗಳನ್ನು ಎಣಿಸಿ ನಿರೋಧಕತೆಯನ್ನು ಅಳೆಯುವ ಹಳೆಯ ವಿಧಾನವು, ನಿರೋಧಕ ಹುಳುಗಳ ಪಾಲು ಸುಮಾರು ಶೇ. 25 ದಾಟುವವರೆಗೆ ಅದನ್ನು ನಂಬಿಕೆಯಿಂದ ತೋರಿಸಲಾರದು. ಡಿಎನ್‌ಎ ಪರೀಕ್ಷೆ ಅದಕ್ಕಿಂತ ಬಹಳ ಮೊದಲೇ ಸೂಚನೆ ನೀಡಬಲ್ಲದು. ತೂಕವನ್ನು ಕಣ್ಣಂದಾಜಿನಲ್ಲಿ ಅಳೆದು ಕಡಿಮೆ ಪ್ರಮಾಣದ ಔಷಧ ಕುಡಿಸುವುದು, ವರ್ಷಗಟ್ಟಲೆ ಒಂದೇ ಗುಂಪಿನ ಔಷಧ ಬಳಸುವುದು ನಿರೋಧಕ ಹುಳುಗಳನ್ನು ಆರಿಸಿ ಉಳಿಸಿದಂತೆಯೇ ಸರಿ. ಐವರ್‌ಮೆಕ್ಟಿನ್ ವಿಷಯದಲ್ಲಿ ಇಂತಹ ಸರಳ ಗುರುತು ಇಲ್ಲ.

ಮಿತಿಗಳು

ಸಗಣಿಯಲ್ಲಿರುವ ಪಿತ್ತಲವಣ ಮೊದಲಾದ ವಸ್ತುಗಳು ಪಿಸಿಆರ್‌ಗೆ ಅಡ್ಡಿಯಾಗಿ, ಹುಳುವಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಹುಳುಗಳಿನ್ನೂ ಮೊಟ್ಟೆಯಿಡದ ಎಳೆಯ ಹಂತದಲ್ಲಿ ಸೋಂಕು ತಪ್ಪಿಹೋಗುವುದೂ ಉಂಟು. ಯಾವ ಹುಳು ಎಂಬುದನ್ನು ಡಿಎನ್‌ಎ ಹೇಳುತ್ತದೆ, ಎಷ್ಟು ಹುಳು ಎಂಬುದನ್ನು ಅಷ್ಟು ಖಚಿತವಾಗಿ ಹೇಳದು. ಆದ್ದರಿಂದ ಮೊಟ್ಟೆಗಳ ಎಣಿಕೆಯನ್ನು ಕೈಬಿಡುವಂತಿಲ್ಲ. ಖರ್ಚಿನ ದೃಷ್ಟಿಯಿಂದ ಒಂದೆರಡು ಹಸುಗಳಿರುವ ಹಟ್ಟಿಗೆ ಇದು ದುಬಾರಿ. ಒಂದು ಊರಿನ ಹಲವು ಹಟ್ಟಿಗಳ ಮಾದರಿಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದರೆ ತಲಾ ವೆಚ್ಚ ಇಳಿಯುತ್ತದೆ, ಆ ಊರಿಗೆ ಯಾವ ಔಷಧ ನಾಟುತ್ತದೆಂಬುದೂ ತಿಳಿಯುತ್ತದೆ.