ಮುಖ ಮುಚ್ಚಿದಿರಿ, ಊರು ಮುಚ್ಚಲಿಲ್ಲ

ಬಂಡೀಪುರಕ್ಕೆ ನಮ್ಮ ಕ್ಯಾಮೆರಾ ಹೋಗೋದು ಎರಡೇ ಕಾರಣಕ್ಕೆ. ಒಂದು ಹುಲಿ, ಇನ್ನೊಂದು ರಾತ್ರಿ ಸಂಚಾರ ನಿಷೇಧ. 2009ರಿಂದ ಆ ಹೆದ್ದಾರಿಯಲ್ಲಿ ರಾತ್ರಿ 9ಕ್ಕೆ ಗೇಟ್ ಬಿದ್ದರೆ ತೆಗೆಯೋದು ಬೆಳಿಗ್ಗೆ 6ಕ್ಕೆ. ಕಳೆದ ಸಲ ಹೋದಾಗ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಶಾಲೆ ಗೋಡೆ ಮೇಲೆ ದಪ್ಪ ಅಂಕಿಗಳು ಕಂಡವು: 1098. ಬಿಸಿಯೂಟ ಮುಗಿಸಿ ತಟ್ಟೆ ತೊಳೀತಿದ್ದ ಹುಡುಗಿಯನ್ನ ಕೇಳಿದೆ, "ಏನಮ್ಮಾ ಅದು?"

"ಹತ್ತು ಒಂಬತ್ತು ಎಂಟು ಸಾ. ಯಾರಾರ ತೊಂದ್ರೆ ಕೊಟ್ರ ಫೋನ್ ಮಾಡ್ಬೇಕು."

"ಮಾಡಿದ್ರೆ ಏನಾಗುತ್ತೆ?"

ಅವಳು ನಮ್ಮ ಕ್ಯಾಮೆರಾ ಕಡೆ ನೋಡಿದಳು. "ಟೀವಿಲಿ ಬತ್ತದಾ ಸಾ?"

ಆ ಪ್ರಶ್ನೆಯಲ್ಲಿ ಆಸೆ ಇರಲಿಲ್ಲ, ಭಯ ಇತ್ತು. ಆ ಭಯಕ್ಕೊಂದು ಇತಿಹಾಸ ಇದೆ. ಅದರಲ್ಲಿ ನನ್ನ ವೃತ್ತಿಯ ಪಾಲೂ ಇದೆ.

1885ರ ಲಂಡನ್‌ಗೆ ಹೋಗೋಣ. ಅಲ್ಲಿ ಬಡವರ ಮನೆಯ ಹೆಣ್ಣುಮಕ್ಕಳನ್ನು ದುಡ್ಡಿಗೆ ಮಾರಲಾಗುತ್ತಿತ್ತು. ಜೋಸೆಫೀನ್ ಬಟ್ಲರ್ ಅವರಂಥ ಸಮಾಜ ಸೇವಕಿಯರು ವರ್ಷಗಟ್ಟಲೆ ಕೂಗಿದರೂ ಪಾರ್ಲಿಮೆಂಟ್ ಅಲುಗಾಡಲಿಲ್ಲ. ಆಗ ಡಬ್ಲ್ಯು. ಟಿ. ಸ್ಟೆಡ್ ಎಂಬ ಸಂಪಾದಕ, ಮಗುವನ್ನು ಕೊಳ್ಳುವುದು ಎಷ್ಟು ಸುಲಭ ಅಂತ ತೋರಿಸೋಕೆ 13 ವರ್ಷದ ಹುಡುಗಿಯನ್ನು ತಾನೇ ಕೊಂಡು ಪತ್ರಿಕೆಯಲ್ಲಿ ಬರೆದ. ದೇಶ ರೊಚ್ಚಿಗೆದ್ದಿತು. ಅದೇ ವರ್ಷ ಸಮ್ಮತಿಯ ವಯಸ್ಸು 13ರಿಂದ 16ಕ್ಕೆ ಏರಿತು. ಸ್ಟೆಡ್ ಮೂರು ತಿಂಗಳು ಜೈಲಿಗೂ ಹೋದ. ಆದರೆ ಆ ಹುಡುಗಿ? ವರದಿಯಲ್ಲಿ ಹೆಸರು ಬದಲಾಯಿಸಿದ್ದರೂ ಕೋರ್ಟ್ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳ ನಿಜವಾದ ಹೆಸರು ಊರಿಗೆಲ್ಲ ಗೊತ್ತಾಗಿತ್ತು. ಇವತ್ತಿಗೂ ಇತಿಹಾಸದ ಪುಸ್ತಕಗಳಲ್ಲಿದೆ. ನಾನಿಲ್ಲಿ ಬರೆಯೋದಿಲ್ಲ.

ನಮ್ಮ ದೇಶದಲ್ಲೂ ಆಂದೋಲನ ಹತ್ತಿಸಿದ್ದು ಪತ್ರಕರ್ತನೇ. ಮುಂಬೈನ ಬೆಹ್ರಾಮ್‌ಜಿ ಮಲಬಾರಿ 1884ರಲ್ಲಿ ಬಾಲ್ಯವಿವಾಹದ ವಿರುದ್ಧ ಬರೆಯೋಕೆ ಶುರು ಮಾಡಿದರು. ಆಗ ಕಾನೂನಿನಲ್ಲಿದ್ದ ವಯಸ್ಸು ಎಷ್ಟು ಗೊತ್ತಾ? ಹತ್ತು! ಮುಂದೆ ಕಲ್ಕತ್ತಾದಲ್ಲಿ ಹತ್ತು ದಾಟಿದ್ದ ಒಂದು ಹುಡುಗಿ ಮೂವತ್ತು ದಾಟಿದ ಗಂಡನ ಕೈಯಲ್ಲಿ ಸತ್ತಳು. ಹತ್ತು ದಾಟಿದ್ದಳು ಅನ್ನೋ ಒಂದೇ ಕಾರಣಕ್ಕೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. 1891ರಲ್ಲಿ ಬ್ರಿಟಿಷರು ವಯಸ್ಸನ್ನು 12ಕ್ಕೆ ಏರಿಸಿದರು. ಅದನ್ನೂ ತಿಲಕರಂಥ ದೊಡ್ಡವರು ವಿರೋಧಿಸಿದರು.

ಮೈಸೂರು ಸಂಸ್ಥಾನ ಏನು ಮಾಡಿತು? 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಶಿಶುವಿವಾಹ ತಡೆ ಕಾನೂನು ತಂದಿತು. 8 ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವಂತಿಲ್ಲ. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ. ಇವತ್ತು ಓದಿದರೆ ಎಂಟು ವರ್ಷವಾ ಅಂತ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತೆ. ಆದರೆ ಅಂಥದ್ದೊಂದು ಕಾನೂನು ಬರೆಯಬೇಕಾಯಿತು ಅಂದರೆ ಅಂಥ ಮದುವೆಗಳು ನಡೀತಿದ್ದವು ಅಂತಲೇ ಅರ್ಥ. ಇನ್ನೊಂದು ವಿಷಯ. ಚಾಮರಾಜನಗರ, ಗುಂಡ್ಲುಪೇಟೆ ಆಗ ಮೈಸೂರಿಗೆ ಸೇರಿದ್ದವು, ಕೊಳ್ಳೇಗಾಲ ಮದ್ರಾಸಿಗೆ. ಈಗ ಒಂದೇ ಜಿಲ್ಲೆಯಲ್ಲಿರುವ ಹುಡುಗಿಯರಿಗೆ ಆಗ ಗಡಿಯ ಆಚೆ ಒಂದು ಕಾನೂನು, ಈಚೆ ಒಂದು.

ಕಾನೂನಿನ ವಯಸ್ಸು ಏರುತ್ತಾ ಬಂತು. ಆದರೆ ಮಗು ಯಾರ ಹತ್ತಿರ ಹೇಳಿಕೊಳ್ಳಬೇಕು? ಈ ಪ್ರಶ್ನೆಗೆ ಸರ್ಕಾರಕ್ಕಿಂತ ಮೊದಲು ಉತ್ತರ ಹುಡುಕಿದ್ದು ಸೇವಾ ಸಂಸ್ಥೆಗಳು. ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಲ್ಲಿ ಸ್ಟ್ಯಾನ್ಲಿ ಮತ್ತು ಪರಶುರಾಮ್ ಎಂಬ ಇಬ್ಬರು ಪತ್ರಕರ್ತರು ವೃತ್ತಿ ಬಿಟ್ಟು 'ಒಡನಾಡಿ' ಸಂಸ್ಥೆ ಕಟ್ಟಿದರು. ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ತರೋದು, ನೆಲೆ ಕೊಡೋದು, ಓದಿಸೋದು ಅವರ ಕೆಲಸ. ಸುದ್ದಿ ಬರೆದು ಮುಂದಿನ ಸುದ್ದಿಗೆ ಹೋಗಬಹುದಿತ್ತು, ಹೋಗಲಿಲ್ಲ. 1996ರಲ್ಲಿ ಮುಂಬೈನಲ್ಲಿ ಜೆರೂ ಬಿಲಿಮೋರಿಯಾ ಚೈಲ್ಡ್‌ಲೈನ್ ಶುರು ಮಾಡಿದರು. ಗೋಡೆ ಮೇಲಿನ 1098 ಹುಟ್ಟಿದ್ದು ಹಾಗೆ. 2023ರಲ್ಲಿ ಆ ಸಹಾಯವಾಣಿ ಸಂಸ್ಥೆಗಳ ಕೈಯಿಂದ ಸರ್ಕಾರದ ಕೈಗೆ ಬಂತು. ನಾನು ಎಂಜಿನಿಯರಿಂಗ್ ಓದಿದವನು. ತಂತಿ ಎಳೆದ ಮಾತ್ರಕ್ಕೆ ದೀಪ ಉರಿಯಲ್ಲ ಅಂತ ಗೊತ್ತು. ಆ ತುದಿಯಲ್ಲಿ ಫೋನ್ ಎತ್ತಿ, ತಾಳ್ಮೆಯಿಂದ ಕೇಳಿ, ಮನೆ ಬಾಗಿಲಿಗೆ ಬರುವ ಮನುಷ್ಯ ಇರಬೇಕು.

2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಪೋಕ್ಸೋ ಕಾಯ್ದೆ ಜಾರಿಗೆ ಬಂತು. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು. ವಿಷಯ ಗೊತ್ತಿದ್ದೂ ದೂರು ಕೊಡದಿರೋದು ಅಪರಾಧ. ನಮಗೆ ಸಂಬಂಧಿಸಿದ್ದು 23ನೇ ಸೆಕ್ಷನ್. ಮಗುವಿನ ಹೆಸರು, ಫೋಟೋ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದನ್ನೂ ಮಾಧ್ಯಮ ತೋರಿಸುವಂತಿಲ್ಲ. ತೋರಿಸಿದರೆ ಜೈಲು.

ಇನ್ನು ನನ್ನ ತಪ್ಪು. ವರದಿಗಾರನಾಗಿದ್ದಾಗ ಒಂದು ಪ್ರಕರಣ ಮಾಡಿದ್ದೆ. ಮುಖ ಬ್ಲರ್ ಮಾಡಿಸಿದ್ದೆ, ಹೆಸರು ಹೇಳಿರಲಿಲ್ಲ. ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ. ಆದರೆ ಊರಿನ ಬಸ್ ಸ್ಟ್ಯಾಂಡ್ ತೋರಿಸಿದ್ದೆ, ಶಾಲೆ ಗೇಟ್ ತೋರಿಸಿದ್ದೆ, ಅಪ್ಪ ಏನು ಕೆಲಸ ಮಾಡ್ತಾರೆ ಅಂತಲೂ ಹೇಳಿದ್ದೆ. ಮಾರನೇ ವಾರ ಆ ಶಾಲೆಯ ಮುಖ್ಯ ಶಿಕ್ಷಕಿ ಫೋನ್ ಮಾಡಿದರು. "ಮುಖ ಮುಚ್ಚಿದಿರಿ ಸಾರ್, ಊರು ಮುಚ್ಚಲಿಲ್ಲ. ಅವಳು ಸ್ಕೂಲಿಗೆ ಬರೋದು ನಿಲ್ಲಿಸಿದಾಳೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸ್ಟೆಡ್ ಕಾನೂನು ಬದಲಾಯಿಸಿದ, ಒಂದು ಹುಡುಗಿಯ ಹೆಸರನ್ನು ಬಲಿ ಕೊಟ್ಟ. ನಾನು ಕಾನೂನನ್ನೂ ಬದಲಾಯಿಸಲಿಲ್ಲ. ಅವತ್ತಿನಿಂದ ಇಂಥ ಸುದ್ದಿ ಬಂದಾಗ ಡೆಸ್ಕ್‌ನಲ್ಲಿ ಒಂದೇ ಪ್ರಶ್ನೆ ಕೇಳ್ತೀನಿ: ಇದನ್ನು ನೋಡಿದರೆ ಪಕ್ಕದ ಮನೆಯವರಿಗೆ ಮಗು ಯಾರು ಅಂತ ಗೊತ್ತಾಗುತ್ತಾ? ಗೊತ್ತಾಗುತ್ತೆ ಅಂದರೆ ಆ ದೃಶ್ಯ ಹೋಗಲ್ಲ. ನಮ್ಮ ದನಿ ಏರಬೇಕಾದದ್ದು ಬೇರೆ ಕಡೆ. ವಿಚಾರಣೆ ಒಂದು ವರ್ಷದಲ್ಲಿ ಮುಗೀತಾ? ಶಾಲೆ ದೂರು ಮುಚ್ಚಿಟ್ಟಿತಾ? 1098ಕ್ಕೆ ಕರೆ ಮಾಡಿದರೆ ಎತ್ತುತ್ತಾರಾ?

ನೋಡುಗರಾದ ನಿಮಗೂ ಒಂದು ಮಾತು. ಇಂಥ ಸುದ್ದಿ ಬಂದಾಗ 'ಯಾವ ಊರು, ಯಾರ ಮಗಳು' ಅಂತ ಕೇಳಬೇಡಿ. ನೀವು ಕೇಳೋದು ಬಿಟ್ಟರೆ ನಾವೂ ತೋರಿಸೋದು ಬಿಡ್ತೀವಿ.

ಆ ಹುಡುಗಿಗೆ ಅವತ್ತು ಹೇಳಿದೆ, "ಇಲ್ಲಮ್ಮ, ಟಿವಿಲಿ ಬರಲ್ಲ. ಧೈರ್ಯವಾಗಿ ಫೋನ್ ಮಾಡು." ತಟ್ಟೆ ಒರೆಸಿಕೊಂಡು ಒಳಗೆ ಹೋದಳು. ಕ್ಯಾಮೆರಾ ಆಫ್ ಆಗಿತ್ತು. ಅವಳ ಹೆಸರನ್ನ ನಾನು ಕೇಳಲೂ ಇಲ್ಲ.